‘ಹಿಂದಿಂದು ಎಲ್ಲೋ?’ ಅಂತ ಕೇಳುವವರಿಗೆ

ಊರಿಗೆ ಹೋದಾಗ ಗಾಡಿಯನ್ನು ಮನೆ ಹತ್ತಿರದ ತಿರುವಿನಲ್ಲಿ ನಿಲ್ಲಿಸುತ್ತೇನೆ. ಟ್ರೇಲರ್ ಇರುವುದಿಲ್ಲ, ಬರೀ ಹಾರ್ಸ್, ಅಂದರೆ ಟ್ರೇಲರ್ ಎಳೆಯುವ ಮುಂದಿನ ಲಾರಿ. ಒಂದು ಕ್ಯಾಬಿನ್, ಅದರ ಹಿಂದೆ ಗ್ರೀಸ್ ಮೆತ್ತಿದ ತಟ್ಟೆ, ಆರು ಟೈರು. ದಾರಿಯಲ್ಲಿ ಹೋಗುವ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಹಿಂದಿಂದು ಎಲ್ಲೋ?”

“ಕಂಪನಿಯದ್ದು, ಅವರ ಯಾರ್ಡ್‌ನಲ್ಲಿದೆ” ಅಂದರೆ ಮುಂದಿನ ಪ್ರಶ್ನೆ ರೆಡಿ: “ಸ್ವಂತ ಲಾರಿ ಇಟ್ಕಂಡು ಬೇರೆಯವರ ಟ್ರೇಲರ್ ಯಾಕೆ ಎಳೀತೀಯ?” ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇಲ್ಲಿ ಬರೆದಿಟ್ಟಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಚಿಕ್ಕ ಉತ್ತರ: ದುಡ್ಡಿಲ್ಲ. ಸಾಕಾ? ಸಾಕಾಗುವುದಿಲ್ಲ, ಗೊತ್ತು.

ಹೋದ ಮಳೆಗಾಲದ ಕೊನೆಗೆ ತೀರ್ಥಹಳ್ಳಿ ಕಡೆ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಎದುರಿಗೆ ನಮ್ಮ ಮಾವ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು: “ಎಂತ ಮಾರಾಯ, ತಲೆ ಮಾತ್ರ ತಗಂಡ್ಯಂತೆ? ಮುಂಡಕ್ಕೆ ಬ್ಯಾಂಕಿನೋರು ಸಾಲ ಕೊಡ್ಲಿಲ್ವಾ?” ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ಎಲೆ ಮುಂದೆ ಕೂತವನು ಎದ್ದು ಹೋಗಲಿಕ್ಕಾಗುತ್ತಾ?

ಇದೇ ಮಾವ ತಮ್ಮ ಅಡಿಕೆ ತೋಟವನ್ನು ವರ್ಷವೂ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುತ್ತಾರೆ. ಚೇಣಿ ಹಿಡಿದವನು ಅಡಿಕೆ ಕೊನೆ ಕೊಯ್ಯುವವರನ್ನು ಕರೆತರುತ್ತಾನೆ, ಸುಲಿಸುತ್ತಾನೆ, ಬೇಯಿಸುತ್ತಾನೆ, ಒಣಗಿಸುತ್ತಾನೆ. ಹಂಡೆ ಅವನದ್ದು, ತೋಟ ಮಾವನದ್ದು. “ನಿಂದೇ ತೋಟ ಯಾಕೆ ತಗಳ್ಲಿಲ್ಲ?” ಅಂತ ಅವನನ್ನು ಯಾರೂ ಕೇಳುವುದಿಲ್ಲ. ನನ್ನದೂ ಹೆಚ್ಚುಕಮ್ಮಿ ಅದೇ ಕಸುಬು. ಇದು ಹೊಳೆದದ್ದು ಮಾತ್ರ ಕೈ ತೊಳೆದ ಮೇಲೆ.

ಟ್ರೇಲರ್ ಅಂದರೆ ಇನ್ನೂ ಹನ್ನೆರಡು ಟೈರು. ಅದಕ್ಕೆ ಬೇರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಬೇರೆ ಇನ್ಶೂರೆನ್ಸ್, ಬೇರೆ ಸಾಲ. ತಗೊಂಡರೂ ಯಾವುದು ತಗೊಳ್ಳಲಿ? ಕಂಟೇನರ್ ಹೊರುವ ಟ್ರೇಲರಿಗೆ ತಳವೇ ಇರುವುದಿಲ್ಲ. ಬರೀ ಚಾಸಿ, ಮೂಲೆಗಳಲ್ಲಿ ಲಾಕು. ಅದರ ಮೇಲೆ ಸಿಮೆಂಟ್ ಚೀಲ ಹೇರಲಿಕ್ಕಾಗದು. ಈಗಾದರೆ ಈ ವಾರ ಕಂಟೇನರ್, ಮುಂದಿನ ವಾರ ಕಬ್ಬಿಣ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕಡೆ ಮಾಲು ತುಂಬಲು ಎರಡು ದಿನ ಹಿಡಿದರೆ ಟ್ರೇಲರ್ ಅಲ್ಲಿ ಕಾಯುತ್ತದೆ, ನಾನಲ್ಲ. ತುಂಬಿ ನಿಂತ ಇನ್ನೊಂದಕ್ಕೆ ಕೊಂಡಿ ಹಾಕಿ ಹೊರಡುತ್ತೇನೆ.

ಬಾಡಿಗೆಯಲ್ಲಿ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬಾರದು ಅಂದರೆ ನನ್ನ ಹತ್ತಿರ ಹತ್ತಕ್ಕಿಂತ ಜಾಸ್ತಿ ಗಾಡಿ ಇಲ್ಲ ಅಂತ ಬರೆದು, ಪ್ಯಾನ್ ನಂಬರ್ ಸಮೇತ ಕೊಡಬೇಕು. ಪ್ರತಿ ವರ್ಷ ಗಂಭೀರವಾಗಿ ಸಹಿ ಹಾಕುತ್ತೇನೆ. ಹತ್ತು! ಇರುವುದು ಒಂದು. ಮಾವನ ಲೆಕ್ಕದಲ್ಲಿ ಅದೂ ಅರ್ಧ.

ಕೇಳುವುದಾದರೆ ಇದನ್ನು ಕೇಳಿ: “ಕೊಟ್ಟ ಟ್ರೇಲರನ್ನು ಬೇಡ ಅಂದಿದ್ದೀಯಾ?”

ಎಳೆಯುವ ಗಾಡಿಯ ನಂಬರು ಟ್ರೇಲರಿನ ಹಿಂದೆಯೂ ಕಾಣಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಹಾಗಿದೆ. ಹಾಗಾಗಿ ನನ್ನ ಕೆಎ 14 ನಂಬರಿನ ಒಂದು ತಗಡು ಸೀಟಿನ ಕೆಳಗೇ ಇರುತ್ತದೆ. ಟ್ರೇಲರ್ ಬದಲಾದಾಗೆಲ್ಲ ಅದನ್ನು ಬೈಂಡಿಂಗ್ ವೈರ್‌ನಲ್ಲಿ ಕಟ್ಟುತ್ತೇನೆ. ಕಟ್ಟಿದ ಮೇಲೆ ಆ ಟ್ರೇಲರಿನ ಬ್ರೇಕೂ ನನ್ನದು, ಲೈಟೂ ನನ್ನದು, ಕೇಸೂ ನನ್ನದು.

ಜುಲೈನಲ್ಲಿ ಒಂದು ಲೋಡು ಮಂಗಳೂರು ಬಂದರಿಗೆ ಹೋಗಬೇಕಿತ್ತು. (ಆಗುಂಬೆ ಘಾಟಿಯ ದಾರಿ ಹತ್ತಿರ ಅಲ್ವಾ ಅನ್ನಬೇಡಿ. ಅಲ್ಲಿನ 14 ತಿರುವಿನಲ್ಲಿ ಟ್ರೇಲರ್ ತಿರುಗುವುದೂ ಇಲ್ಲ, ನಮ್ಮನ್ನು ಬಿಡುವುದೂ ಇಲ್ಲ.) ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದೆ. ದೋಣಿಗಾಲ್‌ನಿಂದಲೇ ಏನೋ ಸರಿ ಇಲ್ಲ ಅನ್ನಿಸಿತ್ತು. ಬ್ರೇಕ್ ಒತ್ತಿದರೆ ಟ್ರೇಲರ್ ಹಿಂದಿನಿಂದ ನೂಕುತ್ತಿತ್ತು. ಎರಡನೇ ಗೇರಿನಲ್ಲಿ, ಹಿಂದಿನವರ ಹಾರ್ನ್ ಕೇಳಿಸಿಕೊಳ್ಳುತ್ತಾ ಗುಂಡ್ಯ ಮುಟ್ಟಿದೆ. ಮಳೆಯಲ್ಲೇ ಇಳಿದು ಟ್ರೇಲರಿನ ಒಂದೊಂದೇ ಬ್ರೇಕ್ ಡ್ರಮ್ಮಿನ ಹತ್ತಿರ ಅಂಗೈ ಹಿಂಬದಿ ಹಿಡಿದೆ. ನಾಲ್ಕು ಡ್ರಮ್ಮು ಒಲೆ ಹಾಗೆ ಸುಡುತ್ತಿದ್ದವು, ಲೈನರ್ ಸುಟ್ಟ ವಾಸನೆ ಬೇರೆ. ಎರಡು ಡ್ರಮ್ಮು ತಣ್ಣಗೆ. ಬಿಸಿ ಇದ್ದವು ಕೆಲಸ ಮಾಡಿದ್ದವು. ತಣ್ಣಗಿದ್ದವು ಮಾಡಿರಲೇ ಇಲ್ಲ.

ವಾಪಸ್ ಬಂದು ಕಂಪನಿಯವರಿಗೆ ಹೇಳಿದೆ. “ನೋಡೋಣ” ಅಂದರು. ಎರಡು ತಿಂಗಳ ಮೇಲೆ ಕೊಟ್ಟದ್ದು ಅದೇ ಟ್ರೇಲರ್, ಲೋಡಾಗಿ ನಿಂತಿತ್ತು. ಕೆಳಗೆ ನುಗ್ಗಿ ನೋಡಿದೆ. ಅವೇ ಎರಡು ಚಕ್ರ, ಬ್ರೇಕ್ ಬಿಗಿ ಮಾಡುವ ಸ್ಲ್ಯಾಕ್‌ಗೆ ಸ್ಪ್ಯಾನರ್ ತಾಗಿದ ಗುರುತೂ ಇಲ್ಲ. ಒಯ್ಯುವುದಿಲ್ಲ ಅಂದೆ.

ಯಾರ್ಡಿನ ಸೂಪರ್‌ವೈಸರ್ ಅಂದ: “ಟ್ರೇಲರ್ ನಿಂದಲ್ವಲ್ಲ, ನಿಂಗ್ಯಾಕೆ ತಲೆನೋವು?”

ನೋಡಿ, ಅಲ್ಲೂ ಅದೇ ಮಾತು. ಮಾವ ಕೇಳಿದರೆ ಕುಹಕ, ಇವನು ಕೇಳಿದರೆ ಬುದ್ಧಿವಾದ.

ಅಷ್ಟರಲ್ಲಿ ನನ್ನ ತಗಡು ಕಟ್ಟಿಯಾಗಿತ್ತು. ಪಕ್ಕಡ್ ತಂದು ತಂತಿ ಬಿಚ್ಚಿದೆ, ಏರ್ ಪೈಪ್ ಕಳಚಿದೆ, ಹಾರ್ಸ್ ಒಂದನ್ನೇ ಓಡಿಸಿಕೊಂಡು ಊರಿಗೆ ಬಂದೆ. ಅವರು ಐದು ದಿನ ಫೋನ್ ಮಾಡಲಿಲ್ಲ. ಇಎಂಐ ಹತ್ತನೇ ತಾರೀಕಿಗೆ, ಅವತ್ತು ಏಳು.

ಗೃಹಪ್ರವೇಶ ಇದ್ದದ್ದು ಒಂಬತ್ತಕ್ಕೆ.