ತಾರಸಿ ಮೇಲಿನ ತರಗತಿ

ಖಭೌತ ವಿಜ್ಞಾನ ಕಲಿಸಿದ ನಮ್ಮ ಮೇಷ್ಟ್ರು ಈ ವರ್ಷ ತೀರಿಕೊಂಡರು. ಅವರ ಕೈಯಲ್ಲಿ ಪಳಗಿ ಪಿಎಚ್.ಡಿ.ಗೆ ಹೋದವರು ಹಲವರು. "ನೀವು ಅವರ ಶಿಷ್ಯರಾ?" ಎಂದು ವೀಕ್ಷಣಾಲಯಗಳಲ್ಲಿ ಯಾರಾದರೂ ಕೇಳಿದರೆ ಇವತ್ತಿಗೂ ನಮ್ಮ ಎದೆ ಉಬ್ಬುತ್ತದೆ. ಎಂ.ಎಸ್ಸಿ. ಸಿಲಬಸ್ಸಿನಲ್ಲಿ ಏನೇನಿತ್ತೋ, ಬಹುಪಾಲು ಮರೆತುಹೋಗಿದೆ. ಸಂಜೆ ತಾರಸಿ ಮೇಲೆ ಅವರು ಮಾಡಿಸಿದ ಕೆಲಸ ಮಾತ್ರ ಕೈಬೆರಳಲ್ಲೇ ಉಳಿದಿದೆ.

ಅದರಲ್ಲಿ ಮೊದಲನೆಯದು ಫ್ಲ್ಯಾಟ್, ಅಂದರೆ ಕ್ಯಾಮೆರಾದ ಏರುಪೇರು ತಿದ್ದುವ ಚಿತ್ರ, ತೆಗೆಯುವುದು. ಸಿಸಿಡಿಯ (ಕ್ಯಾಮೆರಾದೊಳಗಿನ ಬೆಳಕು ಹಿಡಿಯುವ ಚಿಪ್) ಎಲ್ಲ ಪಿಕ್ಸೆಲ್‌ಗಳೂ ಬೆಳಕಿಗೆ ಒಂದೇ ಸಮನೆ ಸ್ಪಂದಿಸುವುದಿಲ್ಲ. ಫಿಲ್ಟರ್ ಮೇಲೆ ಕೂತ ಧೂಳು ಚಿತ್ರದಲ್ಲಿ ಉದ್ದಿನ ವಡೆಯಂತೆ ನಡುವೆ ತೂತಿರುವ ಮಬ್ಬು ಕಲೆಯಾಗಿ ಬರುತ್ತದೆ. ಇದನ್ನೆಲ್ಲ ಭಾಗಿಸಿ ತೆಗೆಯಲು ಸಮನಾಗಿ ಬೆಳಗಿದ ಮುಸ್ಸಂಜೆಯ ಆಕಾಶದ ಚಿತ್ರ ಬೇಕು. ಅವಸರ ಮಾಡಿದರೆ ಚಿಪ್ ತುಂಬಿಹೋಗುತ್ತದೆ, ತಡ ಮಾಡಿದರೆ ನಕ್ಷತ್ರಗಳು ಮೂಡಿಬಿಡುತ್ತವೆ. 16 ಬಿಟ್ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲಿನ ಬೆಳಕಿನ ಎಣಿಕೆ 65,535ಕ್ಕೆ ಮುಗಿಯುತ್ತದಲ್ಲ, ನಮ್ಮದು 20,000ದಿಂದ 30,000ದ ಒಳಗಿರಬೇಕು ಎನ್ನುತ್ತಿದ್ದರು. ಸಂಜೆ ನೀಲಿ ಫಿಲ್ಟರ್ ಮೊದಲು, ಕೆಂಪು ಆಮೇಲೆ; ಬೆಳಗಿನ ಜಾವ ತಿರುಗುಮುರುಗು. ಎಕ್ಸ್‌ಪೋಷರ್ ಒಂದೆರಡು ಸೆಕೆಂಡಿಗೂ ಕಡಿಮೆಯಾದರೆ ಶಟರ್ ತೆರೆದು ಮುಚ್ಚುವ ಹೊತ್ತೇ ಚಿತ್ರದಲ್ಲಿ ಅಚ್ಚಾಗುತ್ತದೆ: ನಡುವಿನಿಂದ ತೆರೆದುಕೊಳ್ಳುವ ಐರಿಸ್ ಶಟರ್ ಆದರೆ ನಡುಭಾಗಕ್ಕೆ ಅಂಚಿಗಿಂತ ಹೆಚ್ಚು ಬೆಳಕು. ಒಂದೊಂದು ಚಿತ್ರಕ್ಕೂ ದೂರದರ್ಶಕವನ್ನು ಕೊಂಚ ಸರಿಸಬೇಕು. ಆಗ ಅಕಸ್ಮಾತ್ ಸಿಕ್ಕಿಬಿದ್ದ ನಕ್ಷತ್ರ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಪಿಕ್ಸೆಲ್ ಮೇಲೆ ಕೂರುತ್ತದೆ, ಎಲ್ಲ ಚಿತ್ರಗಳ ಮೀಡಿಯನ್ (ನಡುವಿನ ಬೆಲೆ) ತೆಗೆದಾಗ ಅಳಿಸಿಹೋಗುತ್ತದೆ. ಬಯಾಸ್ (ಬೆಳಕಿಲ್ಲದಾಗಲೂ ಕ್ಯಾಮೆರಾ ತೋರಿಸುವ ಎಣಿಕೆ) ಕಳೆಯದೆ ಭಾಗಿಸಿದ ಚಿತ್ರವನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಎರಡನೆಯದು ಲಾಗ್ ಬುಕ್. ಅದರಲ್ಲಿ ಕಾಲ ಎಂದರೆ ಯುಟಿ (ಗ್ರೀನಿಚ್ ಆಧಾರದ ಜಾಗತಿಕ ಕಾಲ) ಮಾತ್ರ. ನಮ್ಮ ಗಡಿಯಾರದಲ್ಲಿ ಐದೂವರೆ ಗಂಟೆ ಕಳೆಯುವುದು ಯಾರಿಗಾದರೂ ಗೊತ್ತು, ಎಡವುವುದು ತಾರೀಖಿನಲ್ಲಿ. ರಾತ್ರಿ 2 ಗಂಟೆಗೆ ತೆಗೆದ ಚಿತ್ರದ ಯುಟಿ 20:30, ಅದೂ ಹಿಂದಿನ ದಿನದ್ದು. ಒಂದನ್ನೊಂದು ಮರೆಮಾಡುವ ಗ್ರಹಣ ಜೋಡಿತಾರೆಗಳ ಕನಿಷ್ಠ ಕಾಂತಿಯ ಹೊತ್ತನ್ನು ಅಳೆಯುವಾಗ ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದನ್ನೂ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಬೆಳಕು ಬಂದು ಮುಟ್ಟುವ ಹೊತ್ತಿನ ವ್ಯತ್ಯಾಸದಿಂದ ಎಂಟು ನಿಮಿಷದವರೆಗೆ ತಪ್ಪುತ್ತದೆ.

ಕಿತಾಪತಿಗೂ ಕೊರತೆಯಿರಲಿಲ್ಲ. ಜನವರಿಯ ಒಂದು ರಾತ್ರಿ ಹಾಸ್ಟೆಲಿನ ಗುಂಪೊಂದು ತಾರಸಿ ಕೋಣೆಯ ನಾಕ್ಷತ್ರ ಗಡಿಯಾರವನ್ನು (ಸೂರ್ಯನ ಬದಲು ನಕ್ಷತ್ರಗಳ ಚಲನೆಗೆ ಹೊಂದಿಸಿದ ಗಡಿಯಾರ) ಎರಡು ಗಂಟೆ ಮುಂದಕ್ಕೆ ತಿರುಗಿಸಿಟ್ಟಿತು. ಆ ಗಡಿಯಾರ ನಂಬಿ ಹೊರಟರೆ ದೂರದರ್ಶಕ 30 ಡಿಗ್ರಿ ಆಚೆ ನೋಡುತ್ತದೆ. ಸರ್ ಬಂದರು, ಮಫ್ಲರ್ ಬಿಚ್ಚಿದರು, ಗೋಡೆ ನೋಡಿದರು, ಹೊರಗೆ ಹೋಗಿ ಆಕಾಶ ನೋಡಿದರು. ಲುಬ್ಧಕ (ಸಿರಿಯಸ್) ನಕ್ಷತ್ರ ಯಾಮ್ಯೋತ್ತರ ರೇಖೆಯ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹಾಯುವ ರೇಖೆ) ಮೇಲಿತ್ತು. ಅದರ ವಿಷುವದಂಶ (ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನವನ್ನು ಗಂಟೆಗಳಲ್ಲಿ ಹೇಳುವ ಅಳತೆ) 6 ಗಂಟೆ 45 ನಿಮಿಷ, ಅಂದರೆ ಆ ಗಳಿಗೆಯ ನಾಕ್ಷತ್ರ ಕಾಲವೂ ಅಷ್ಟೇ. "ಇವತ್ತು ಜನವರಿ ಕಣ್ರಯ್ಯ, ಫೆಬ್ರವರಿ ಗಡಿಯಾರ ಯಾರು ತಂದಿಟ್ಟಿದ್ದು?" ಎಂದರು. ನಾಕ್ಷತ್ರ ದಿನ 23 ಗಂಟೆ 56 ನಿಮಿಷ 4 ಸೆಕೆಂಡು. ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂದೆ ಓಡಿ ತಿಂಗಳಿಗೆ ಎರಡು ಗಂಟೆ. ತಪ್ಪಿತಸ್ಥರಿಗೆ ಸಿಕ್ಕ ಶಿಕ್ಷೆ: ಹನ್ನೆರಡು ತಿಂಗಳಿಗೂ ನಡುರಾತ್ರಿಯ ನಾಕ್ಷತ್ರ ಕಾಲದ ಪಟ್ಟಿ ಕೈಯಲ್ಲೇ ಬರೆಯುವುದು. ಆ ಪಟ್ಟಿ ವರ್ಷಗಟ್ಟಲೆ ಅದೇ ಗೋಡೆಯ ಮೇಲಿತ್ತು.

ಪಿಎಚ್.ಡಿ. ವಿಷಯದಲ್ಲಿ ಅವರು ಮುಲಾಜಿಲ್ಲದೆ ಮಾತಾಡುತ್ತಿದ್ದರು. ನಕ್ಷತ್ರ ಇಷ್ಟ ಎಂದು ಬಂದವರಿಗೆ ಮೊದಲು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪುಸ್ತಕ ಕೈಗಿಡುತ್ತಿದ್ದರು. ಪ್ರವೇಶ ಪರೀಕ್ಷೆಗಳಾದ ಜೆಸ್ಟ್, ಗೇಟ್‌ಗಳು ಅಳೆಯುವುದು ಭೌತವಿಜ್ಞಾನವನ್ನು. ನಕ್ಷತ್ರಪುಂಜಗಳ ಹೆಸರು ಅಲ್ಲಿ ಯಾರಿಗೂ ಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ಶುರುವಾದ ಜಾಯಿಂಟ್ ಆಸ್ಟ್ರಾನಮಿ ಪ್ರೋಗ್ರಾಂ ಎಂಬ ಖಗೋಳ ಪಿಎಚ್.ಡಿ. ಕಾರ್ಯಕ್ರಮ ಅವರಿಗೆ ಅಚ್ಚುಮೆಚ್ಚು. ಅಲ್ಲಿ ಮೊದಲು ಕೋರ್ಸ್‌ವರ್ಕ್: ವಿಕಿರಣ ಪ್ರಕ್ರಿಯೆಗಳು, ದ್ರವ ಚಲನಶಾಸ್ತ್ರ, ನಕ್ಷತ್ರಗಳ ರಚನೆ. ಗೈಡ್ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲೋ ರಾಮನ್ ಸಂಶೋಧನಾ ಸಂಸ್ಥೆಯಲ್ಲೋ ಸಿಗಬಹುದು. ವಿಷಯಕ್ಕಿಂತ ಗೈಡ್ ಮುಖ್ಯ, ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಸೇರಿ ಎಂಬುದು ಅವರ ಖಡಾಖಂಡಿತ ಮಾತು. ಎಷ್ಟು ಜನರನ್ನು ಉಳಿಸಿತೋ ಅದು!

ಈಗಿನ ಮಕ್ಕಳು ಜಾಣರು. ಪೈಥಾನ್ ನಮಗಿಂತ ಚೆನ್ನಾಗಿ ಬರೆಯುತ್ತಾರೆ, ಆರ್ಕೈವ್‌ನಿಂದ ಶುದ್ಧ ಮಾಡಿದ ಡೇಟಾ ಇಳಿಸಿಕೊಂಡು ಸೆಮಿಸ್ಟರಿನೊಳಗೆ ಪ್ರಾಜೆಕ್ಟ್ ಮುಗಿಸುತ್ತಾರೆ. ಆದರೆ ಫ್ಲ್ಯಾಟ್ ಕೆಟ್ಟಿದೆಯೋ ನಕ್ಷತ್ರವೇ ಮಂಕಾಗಿದೆಯೋ ಎಂದು ಹೇಳಬಲ್ಲವರು ವಿರಳ. ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಇಲ್ಲೇ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಪರದೆ ಮುಂದೆ ಕೂತವರಿಗೆ ಅಲ್ಲಿನ ಮೋಡ, ಗಾಳಿ ನೇರ ಕಾಣುವುದಿಲ್ಲ. ಚಿತ್ರ ನೋಡಿಯೇ ಗುರುತಿಸಬೇಕು. ಅದಕ್ಕೆ ತಾರಸಿಯ ಅಭ್ಯಾಸ ಬೇಕೇ ಬೇಕು.

ವಿಭಾಗದ ಎಂಟು ಇಂಚಿನ ದೂರದರ್ಶಕದ ಕನ್ನಡಿ ಮಂಕಾಗಿದೆ, ಮತ್ತೆ ಅಲ್ಯುಮಿನಿಯಂ ಲೇಪನ ಆಗಬೇಕು. ಖರ್ಚು ಹಳೆಯ ವಿದ್ಯಾರ್ಥಿಗಳದು. ವಿಭಾಗದವರೇ, ವಾರಕ್ಕೆ ಎರಡು ಸಂಜೆ ಟೈಮ್‌ಟೇಬಲ್ಲಿನಲ್ಲಿ ಬಿಟ್ಟುಕೊಟ್ಟು, ತಾರಸಿಯ ಕೀಲಿ ವಿದ್ಯಾರ್ಥಿಗಳ ಕೈಗೆ ಕೊಡಿ.