ಶಾಸನದಲ್ಲಿ ನಮ್ಮ ಪೂರ್ವಿಕರ ಹೆಸರು ಸಿಗುತ್ತಾ?

ಊರ ಕಡೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಇದನ್ನು ಕೇಳುತ್ತಾರೆ. "ನೀವು ಹಳೇ ಕಲ್ಲು, ತಾಮ್ರಪತ್ರ ಎಲ್ಲ ಓದ್ತೀರಂತಲ್ಲ. ನಮ್ಮ ಮನೆಗೆ ಕೆಳದಿ ಅರಸರು ಜಮೀನು ಕೊಟ್ಟಿದ್ರಂತೆ, ದಾಖಲೆ ಹುಡುಕಿ ಕೊಡ್ತೀರಾ?" ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಹೋದರೂ ಇದೇ. ಉಂಬಳಿ (ಅರಸರು ಬಿಟ್ಟುಕೊಟ್ಟ ಜಮೀನು) ಪಡೆಯದ ಮನೆತನ ಮಲೆನಾಡಿನಲ್ಲಿ ಒಂದೂ ಇಲ್ಲ ಅನ್ನಿಸಿಬಿಡುತ್ತದೆ!

ಹುಡುಕಬಹುದು. ಆದರೆ ಶಾಸನದಿಂದ ಶುರು ಮಾಡಬೇಡಿ, ಇವತ್ತಿನ ಪಹಣಿಯಿಂದ ಶುರು ಮಾಡಿ. ನಾನು ಉಲ್ಟಾ ಮಾಡಿ ಎರಡು ವರ್ಷ ಕಳೆದುಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಗದ್ದೆಯ ಅಂಚಿನಲ್ಲಿ ಒಂದು ಲಿಂಗ ಕೆತ್ತಿದ ಕಲ್ಲಿದೆ. ಅಜ್ಜಿ ಅದಕ್ಕೆ ಕುಂಕುಮ ಇಡುತ್ತಿದ್ದರು. ಕೆಳದಿಯ ಅರಸ ಶಿವಪ್ಪನಾಯಕ ನಮ್ಮ ಹಿರಿಯರಿಗೆ ಭೂಮಿ ಕೊಟ್ಟು ನಿಲ್ಲಿಸಿದ ಕಲ್ಲು ಅದು ಅಂತ ಚಿಕ್ಕಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನೂ ನಂಬಿದ್ದೆ. ಲೂಯಿಸ್ ರೈಸ್ ಪ್ರಕಟಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟಗಳಿವೆ, 1902ರ ಏಳನೆಯದು, 1904ರ ಎಂಟನೆಯದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿವೆ. (ಹೊಸನಗರದವರು 'ನಗರ' ಅಂತ ನೋಡಬೇಕು. ಈಗ ದಾವಣಗೆರೆಗೆ ಸೇರಿರುವ ಹೊನ್ನಾಳಿ, ಚನ್ನಗಿರಿ ಏಳರಲ್ಲಿವೆ.) ಎಂಟನೆಯದರಲ್ಲಿ ನಮ್ಮ ಊರ ಹೆಸರಿನಡಿ ನಮ್ಮ ಮುತ್ತಜ್ಜನದೇ ಹೆಸರಿನ ಒಬ್ಬ ಸಿಕ್ಕಿದ. ಕುಣಿದಾಡಿ ನೆಂಟರಿಗೆಲ್ಲ ಫೋನ್ ಮಾಡಿದೆ.

ಆಮೇಲೆ ಗೊತ್ತಾಯಿತು, ಅದು ಅದೇ ಹೆಸರಿನ ಬೇರೆ ಊರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಜನ ನಾವು, ಇನ್ನೂರು ವರ್ಷದಲ್ಲಿ ಒಂದೇ ಹೆಸರಿನವರು ಎಷ್ಟು ಜನ ಆಗಿರಬಹುದು ಯೋಚಿಸಿ. ಹೆಸರು ಕೂಡಿದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ. ಗಡಿ ಕೂಡಬೇಕು. ದಾನಪತ್ರದಲ್ಲಿ ಪೂರ್ವಕ್ಕೆ ಯಾವ ಹಳ್ಳ, ದಕ್ಷಿಣಕ್ಕೆ ಯಾವ ಕಾನು (ಕಾಡು) ಅಂತ ಚತುಃಸೀಮೆ ಹೇಳಿರುತ್ತಾರಲ್ಲ, ಅದನ್ನು ಹಿಡಿದುಕೊಂಡು ನೆಲದ ಮೇಲೆ ನಡೆದು ನೋಡಬೇಕು.

ಕಾಲದ ಲೆಕ್ಕದಲ್ಲೂ ಎಡವುವುದು ಸುಲಭ. ಶಕವರ್ಷಕ್ಕೆ 78 ಸೇರಿಸಿದರೆ ಹೆಚ್ಚುಕಮ್ಮಿ ನಮ್ಮ ಇಸವಿ ಬರುತ್ತದೆ. ಶಕ 1570, ಸರ್ವಧಾರಿ ಸಂವತ್ಸರ ಅಂದರೆ 1648, ಶಿವಪ್ಪನಾಯಕನ ಕಾಲ. ಆದರೆ ಮನೆಯ ಕಡತದಲ್ಲಿ ಸುಮ್ನೆ 'ಸರ್ವಧಾರಿ' ಅಂತ ಮಾತ್ರ ಇದ್ದರೆ ಅದು 1708 ಆಗಬಹುದು, 1768 ಆಗಬಹುದು, 1948 ಕೂಡ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರು ಅದು.

ಇನ್ನು ಆ ಕಲ್ಲು. ಲಿಂಗಮುದ್ರೆ ಕಲ್ಲು ಸಾಮಾನ್ಯವಾಗಿ ಮಠಕ್ಕೋ ಶಿವನ ಗುಡಿಗೋ ಬಿಟ್ಟ ಭೂಮಿಯ ಗಡಿಕಲ್ಲು. ವಾಮನಮುದ್ರೆ ಇದ್ದರೆ ಬ್ರಾಹ್ಮಣರಿಗೋ ವಿಷ್ಣು ಗುಡಿಗೋ ಕೊಟ್ಟದ್ದು, ಮುಕ್ಕೊಡೆ (ಮೂರು ಕೊಡೆ) ಇದ್ದರೆ ಜೈನ ಬಸದಿಯದು. ನಮ್ಮ ಗದ್ದೆಯ ಕಲ್ಲು ಹೇಳುತ್ತಿದ್ದದ್ದು 'ಇದು ನಿಮ್ಮದಲ್ಲ' ಅಂತ! ಚಿಕ್ಕಪ್ಪನಿಗೆ ಇದನ್ನು ಹೇಳಲು ನನಗೆ ಒಂದು ತಿಂಗಳು ಬೇಕಾಯಿತು.

ಶಾಸನಗಳಲ್ಲಿ ಯಾರ ಹೆಸರು ಇರುತ್ತದೆ ಅಂತಲೂ ನೋಡಬೇಕು. ಕೊಟ್ಟವರದು, ಪಡೆದವರದು, ಕೆಲವೊಮ್ಮೆ ಬರೆದವನದು, ಕೆತ್ತಿದವನದು. ಅಗ್ರಹಾರದ ತಾಮ್ರಪತ್ರವಾದರೆ ವೃತ್ತಿ, ಅಂದರೆ ದಾನದ ಭೂಮಿಯಲ್ಲಿ ಪಾಲು, ಪಡೆದ ಒಬ್ಬೊಬ್ಬರದೂ ಗೋತ್ರ, ಸೂತ್ರ, ಅಪ್ಪನ ಹೆಸರು ಸಿಗುತ್ತದೆ, ಅಂಥ ಮನೆಯವರು ಅದೃಷ್ಟವಂತರು. ತುರು (ದನ) ಕಾದಾಟದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ, ಅಂದರೆ ನೆತ್ತರುಗೊಡಗೆ, ವೀರಗಲ್ಲಿನಲ್ಲಿ ದಾಖಲಾಗಿರುವುದೂ ಉಂಟು. ಆದರೆ ಆ ಗದ್ದೆಯಲ್ಲಿ ನಿಜವಾಗಿ ನಾಟಿ ಮಾಡಿದವರು? ಎಷ್ಟು ಖಂಡುಗ ಬೀಜ ಬಿತ್ತುವ ಭೂಮಿ, ಕಂದಾಯ ಎಷ್ಟು ವರಹ ಅಂತ ಇರುತ್ತದೆ, ಉಳುವ ಒಕ್ಕಲು ಯಾರು ಅಂತ ಇರುವುದು ತೀರಾ ಅಪರೂಪ. ನಮ್ಮಲ್ಲಿ ಹೆಚ್ಚಿನವರು ಆ ಒಕ್ಕಲಿನ ಮಕ್ಕಳು, ಅಲ್ವಾ?

ಅದಕ್ಕೇ ಪಹಣಿ. ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಿ. ಕೈಬರಹದ ಪಹಣಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ರೆಕಾರ್ಡ್ ಆಫ್ ರೈಟ್ಸ್, ಇಂಡೆಕ್ಸ್ ಆಫ್ ಲ್ಯಾಂಡ್ಸ್. ಇವುಗಳ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ. ಇದ್ದಕ್ಕಿದ್ದಂತೆ ಮಾಲೀಕರ ಹೆಸರು ಬದಲಾದ ಕಡೆ ನಿಲ್ಲಿ. ಅಲ್ಲೊಂದು ಕಥೆ ಇರುತ್ತದೆ. ಖಾಸಗಿ ಇನಾಂಗಳನ್ನು (ದಾನವಾಗಿ ಬಂದ ಭೂಮಿ) ರದ್ದು ಮಾಡಿದ ಕಾಯ್ದೆ 1954ರದು, ದೇವಸ್ಥಾನ ಮತ್ತು ಮಠಗಳ ಇನಾಂ ರದ್ದು ಮಾಡಿದ ಕಾಯ್ದೆ 1955ರದು. ಗೇಣಿದಾರರಿಗೆ ಭೂಮಿ ಬಂದದ್ದು ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ. ಅದಕ್ಕೆ ಹಾಕಿದ ಅರ್ಜಿಯೇ ಫಾರಂ 7, ನಮ್ಮ ಕಡೆ 'ಡಿಕ್ಲರೇಷನ್' ಅನ್ನುತ್ತಾರೆ. ಗೇಣಿ ಅಳೆಯುವ ಕೊಳಗದ ತಕರಾರಿಂದ 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ಎದ್ದ ಸಾಗರ ತಾಲ್ಲೂಕು ನಮ್ಮದು, ಇಲ್ಲಿ ಆ ಫೈಲುಗಳ ಬೆಲೆ ಬೇರೆಯೇ.

ಸರ್ವೆ ನಂಬರಿನ ದಾರಿ ಹೆಚ್ಚೆಂದರೆ 1860ರ ದಶಕದವರೆಗೆ ಹೋಗುತ್ತದೆ, ಮೈಸೂರು ಸರ್ವೆ ಶುರುವಾದದ್ದೇ 1863ರಲ್ಲಿ. ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹಿಡಿದದ್ದು 1763ರಲ್ಲಿ. ನಡುವಿನ ಆ ನೂರು ವರ್ಷ ದಾಟಿಸಿ ಕೆಳದಿ ಕಾಲಕ್ಕೆ ಕೊಂಡಿ ಹಾಕಲು ಮನೆಯ ಕಡತ, ಸನ್ನದು (ಅರಸರು ಕೊಟ್ಟ ಹಕ್ಕುಪತ್ರ), ಮಠದ ಲೆಕ್ಕ ಏನಾದರೂ ಬೇಕೇ ಬೇಕು. ಅಟ್ಟದ ಮೇಲಿನ ಪೆಟ್ಟಿಗೆ ಗೆದ್ದಲಿನ ಪಾಲಾಗುವ ಮೊದಲು ಇಳಿಸಿ, ಫೋಟೊ ತೆಗೆದಿಡಿ. ಹಳೇ ಕಡತಗಳ ಮೋಡಿ ಅಕ್ಷರ ಓದಲು ಬರುವುದಿಲ್ಲ ಅಂತ ಎಸೆಯಬೇಡಿ ಮಾರಾಯ್ರೆ.

ನಮ್ಮ ಫಾರಂ 7ರ ಫೈಲು ಮೂರನೇ ಸಲ ಹೋದಾಗ ಸಿಕ್ಕಿತು. ಅಂಚು ಪುಡಿಪುಡಿ. ಒಳಗೆ ಅಜ್ಜ ಭೂ ನ್ಯಾಯಮಂಡಳಿ ಮುಂದೆ ಕೊಟ್ಟ ಹೇಳಿಕೆ, ಕೆಳಗೆ ಹೆಬ್ಬೆಟ್ಟು. ತನ್ನ ಅಪ್ಪ ಸತ್ತ ಮೇಲೆ ಹನ್ನೆರಡು ವರ್ಷ ಗದ್ದೆ ನೋಡಿಕೊಂಡು ಮಠಕ್ಕೆ ಗೇಣಿ ಅಳೆದು ಕೊಟ್ಟದ್ದು ತನ್ನ ತಾಯಿ ಅಂತ ಹೇಳಿದ್ದಾರೆ, ಆಕೆಯ ಹೆಸರನ್ನೂ ಹೇಳಿದ್ದಾರೆ. ಮನೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಆಕೆ ಬರೀ 'ದೊಡ್ಡಜ್ಜಿ'. ಜೆರಾಕ್ಸ್ ತಂದು ಚಿಕ್ಕಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಸಾಲು ಇನ್ನೊಂದು ಸಲ ಓದು ಅಂದರು. ಕಲ್ಲಿನ ವಿಷಯದಲ್ಲಿ ಮಾತ್ರ ಅವರು ಇನ್ನೂ ಒಪ್ಪಿಲ್ಲ.