ಮಾಸ್ಟರ್ ಪ್ಲಾನ್‌ನಾಗ ನಮ್ಮ ಹೊಲ ಎಲ್ಲೈತಿ?

ನಾನಿರುವ ರೆಡಿಂಗ್, ಥೇಮ್ಸ್ ಮತ್ತು ಕೆನೆಟ್ ನದಿಗಳು ಸೇರುವ ಊರು. ಇಂಗ್ಲೆಂಡಿನಲ್ಲಿ ನಮ್ಮ ಮಾಸ್ಟರ್ ಪ್ಲಾನ್‌ನಂಥದ್ದಕ್ಕೆ ಲೋಕಲ್ ಪ್ಲಾನ್ ಅಂತಾರೆ. ಎಲ್ಲಿ ಮನೆ ಬರಬೇಕು, ಎಲ್ಲಿ ಆಫೀಸು, ಯಾವ ಬಯಲನ್ನು ಮುಟ್ಟಬಾರದು, ಎಲ್ಲ ಅದರಲ್ಲಿರುತ್ತದೆ. ಕೊನೆಯ ಕರಡು ಬಂದ ಮೇಲೆ ಜನ ಬರೆದು ಕೊಡಲು ಕನಿಷ್ಠ 6 ವಾರ ಸಿಗುತ್ತದೆ. ನಮ್ಮ ಕಾನೂನು ಇದಕ್ಕಿಂತ ಧಾರಾಳ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿ 60 ದಿನ ಇದೆ. ಆದರೂ ಹುಬ್ಬಳ್ಳಿ-ಧಾರವಾಡದ ನನ್ನ ಪರಿಚಯದವರಲ್ಲಿ ಆಕ್ಷೇಪಣೆ ಬರೆದವರು ಯಾರೂ ಇಲ್ಲ. ಮನೆ ಮೇಲೇ ಸಿಡಿಪಿ ರೋಡ್, ಅಂದರೆ ಪ್ಲಾನಿನಲ್ಲಿ ಗುರುತಿಸಿದ ರಸ್ತೆ, ಬಂದಿದೆ ಅಂತ ತಿಳಿದ ಮೇಲೆ ವಕೀಲರ ಕಡೆ ಓಡಿದವರು ಮಾತ್ರ ಬೇಕಾದಷ್ಟು ಮಂದಿ.

ದಿನ ಸಾಲದೆ ಹೀಗಾಗಿಲ್ಲ. ನಕ್ಷೆಯಲ್ಲಿ ತಮ್ಮ ಜಾಗ ಹುಡುಕಲು ಬರಲ್ಲ, ಅದಕ್ಕೆ. ಹುಬ್ಬಳ್ಳಿ-ಧಾರವಾಡದ ನಡುವೆ, ಸತ್ತೂರಿನ ಕಡೆ ನಮ್ಮ ಕಾಕಾನ ಹೊಲ ಇದೆ. 1962ರಲ್ಲಿ ಎರಡೂ ಊರು ಕೂಡಿ ಒಂದೇ ಪಾಲಿಕೆ ಆಯಿತು. ಈಗ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೂತರೆ ಹುಬ್ಬಳ್ಳಿ ಎಲ್ಲಿ ಮುಗೀತು, ಧಾರವಾಡ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ. ನಡುವಿನ ಹೊಲದವರಿಗೆ ನಿದ್ದೆ ಹತ್ತುವುದಾದರೂ ಹೇಗೆ? ಯಾರೋ ವಾಟ್ಸಾಪ್‌ನಲ್ಲಿ ಹಂಚಿದ ಪ್ಲಾನಿನ ಫೋಟೋ ಕಳಿಸಿ ಕಾಕಾ ಫೋನ್ ಹಚ್ಚಿದರು. "ತಮ್ಮಾ, ನಮ್ಮ ಹೊಲ ಹಸರಾಗ ಬಂದೈತೋ, ಹಳದ್ಯಾಗ ಬಂದೈತೋ ನೋಡಿ ಹೇಳೋ. ನೀ ಇಂಜಿನಿಯರ್ ಅದೀಯಲ್ಲ."

ಎಷ್ಟು ಹಿಗ್ಗಿಸಿದರೂ ಸರ್ವೆ ನಂಬರ್ ಕಾಣಲಿಲ್ಲ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಪಾರ್ಕು ಇಲ್ಲವೇ ಬೇಸಾಯ. ಇಷ್ಟು ಗೊತ್ತಿದ್ದು ಏನು ಬಂತು? ಕಾಕಾನಿಗೆ ಬೇಕಿದ್ದದ್ದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ ಇರುವ ನಂಬರ್ ಯಾವ ಬಣ್ಣದಲ್ಲಿದೆ ಅನ್ನೋದು. ಇಲ್ಲಿ ಇಂಗ್ಲೆಂಡಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಾಕು, ನಮ್ಮ ಮನೆ ನದಿಯ ನೆರೆ ಬರುವ ವಲಯದಲ್ಲಿದೆಯೋ ಇಲ್ಲವೋ ಅಂತ ಸರ್ಕಾರದ ನಕ್ಷೆ ತೋರಿಸುತ್ತದೆ.

ಅದಕ್ಕೇ ಇಲ್ಲಿನ ನಾವು ಕೆಲವರು ಊರವರಿಗಾಗಿ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇವೆ. ಅದು ಶುರುವಾಗೋದು ಕಾಯ್ದೆಯಿಂದಲ್ಲ, ಉತಾರದಿಂದ. ಹೊಲದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ ದೊಡ್ಡ ನಕ್ಷೆ ತೋರಿಸಿ ಅಂತ ಕೇಳಿ.

ಹೆಚ್ಚು ಹೊತ್ತು ತಿಂದದ್ದು ಆಕ್ಷೇಪಣೆ ಬರೆಯುವ ಭಾಗ. ಪಕ್ಕದಲ್ಲಿ ಏಳುವ ಕಟ್ಟಡಕ್ಕೆ ಆಕ್ಷೇಪಿಸುವವರಿಗೆ ಇಲ್ಲಿ ಮೊದಲೇ ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾರೆ: ನಿಮ್ಮ ಮನೆ ಬೆಲೆ ಇಳಿಯುತ್ತದೆ ಅನ್ನೋದು ಲೆಕ್ಕಕ್ಕಿಲ್ಲ, ಬೆಳಕು ತಡೆಯುತ್ತದೆ, ಟ್ರಾಫಿಕ್ ಜಾಸ್ತಿಯಾಗುತ್ತದೆ, ನೀರು ನುಗ್ಗುತ್ತದೆ ಅನ್ನೋದು ಲೆಕ್ಕಕ್ಕುಂಟು. ಲೋಕಲ್ ಪ್ಲಾನ್‌ಗೇ ಆಕ್ಷೇಪಿಸುವವರು ಅದರಲ್ಲಿ ಯಾವ ಬದಲಾವಣೆ ಬೇಕು ಅಂತಲೂ ಬರೆಯಬೇಕು. ಹಾಗೆ ಬರೆದವರಿಗೆ ಇನ್‌ಸ್ಪೆಕ್ಟರ್, ಅಂದರೆ ಪ್ಲಾನನ್ನು ಪರೀಕ್ಷಿಸುವ ಅಧಿಕಾರಿ, ಅವರ ಮುಂದೆ ಮಾತಾಡುವ ಹಕ್ಕಿದೆ. ನನಗೆ ಬಹಳ ಹಿಡಿಸಿದ್ದು ಇದೇ.

ನಮ್ಮ ಕಡೆಗೆ ಹೊಂದಿಸಿದರೆ ಹೀಗೆ. "ಉಣಕಲ್ ನಾಲಾ ದಂಡೆಗೆ ಮನೆ ಬೇಡ" ಅಂತ ಒಂದು ಸಾಲು ಗೀಚಿ ಕೊಟ್ಟರೆ ಕಡತದಲ್ಲಿ ಕೂತುಬಿಡುತ್ತದೆ. ಸರ್ವೆ ನಂಬರ್ ಬರೆಯಿರಿ. ಯಾವ ಮಳೆಗೆ ನೀರು ಎಲ್ಲಿವರೆಗೆ ಬಂತು, ಅದರ ಫೋಟೋ ಹಚ್ಚಿ. ದಂಡೆಯಿಂದ ಎಷ್ಟು ಜಾಗ ಖುಲ್ಲಾ ಬಿಡಬೇಕು ಅಂತ ನೀವೇ ಕೇಳಿ. ಕೊನೆಗೆ ಅರ್ಜಿ ಮುಟ್ಟಿತು ಅನ್ನೋದಕ್ಕೆ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಚೇರಿಯಿಂದ ಕದಲಬೇಡಿ.

ಇಂಗ್ಲೆಂಡ್ ಸ್ವರ್ಗ ಅಂತೇನೂ ಅಲ್ಲ ಮತ್ತೆ. ಪ್ಲಾನನ್ನು 5 ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಅಂತ ನಿಯಮವಿದ್ದರೂ ಎಷ್ಟೋ ಊರುಗಳು ಹಳೆ ಪ್ಲಾನಿನಲ್ಲೇ ದಿನ ದೂಡುತ್ತಿವೆ. ನಮ್ಮಲ್ಲಿ 10 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು.

ಹೊರನಾಡಿನಲ್ಲಿದ್ದು ಊರಲ್ಲಿ ಜಾಗ ಕೊಳ್ಳುವವರಿಗೂ ಒಂದು ಮಾತು ಸೇರಿಸಿದ್ದೇವೆ. ಗ್ರೀನ್ ಬೆಲ್ಟ್‌ನಲ್ಲಿ, ನೋಂದಣಿ ಇಲ್ಲದೆ ಬರೀ ಬಾಂಡ್ ಪೇಪರ್ ಮೇಲೆ ಗುಂಟೆ ಪ್ಲಾಟ್ ಮಾರುವ ಏಜೆಂಟ್ "ನಾಳೆ ಎನ್‌ಎ ಆಗತೈತ್ರಿ, ತಗೋರಿ" ಅಂತಾನೆ. ಎನ್‌ಎ ಅಂದರೆ ಬೇಸಾಯದ ಜಾಗ ಬೇಸಾಯೇತರ ಆಗೋದು. ಮೊದಲು ಬಣ್ಣ ನೋಡಿ, ಆಮೇಲೆ ದುಡ್ಡು ಕಳಿಸಿ.

ಕರಡು ಓದಿ ತಿದ್ದಲು ರಾಯಾಪುರ, ಸತ್ತೂರ, ನವನಗರದ ಕಡೆಯವರು ಬೇಕು. ಎಲ್ಲಿ ಅರ್ಥವಾಗಲಿಲ್ಲ ಅಂತ ಗೆರೆ ಎಳೆದು ಕಳಿಸಿದರೆ ಸಾಕು. ಇಂಜಿನಿಯರುಗಳು ಬೇಡ, ಅವರಿಗೆ ಎಲ್ಲವೂ ಅರ್ಥವಾಗಿಬಿಡುತ್ತದೆ.